ನಡುವೆ ಕತ್ತರಿಸಿದ ಆಕ್ಸಲ್

ಲೆಸ್ಲಿ ಬ್ಯಾಲಮಿ ಇಂಗ್ಲೆಂಡಿನ ಎಂಜಿನಿಯರ್. 1930ರ ದಶಕದಲ್ಲಿ ಆತ ಹಿಡಿದ ದಾರಿ ಎದೆಗಾರಿಕೆಯದು: ಅಗ್ಗದ ಫೋರ್ಡ್ ಕಾರಿನ ಮುಂದಿನ ಆಕ್ಸಲನ್ನು ನಟ್ಟನಡುವೆ ಕತ್ತರಿಸಿ, ಎರಡೂ ತುಂಡುಗಳನ್ನು ಚಾಸಿಯ ಮಧ್ಯದಲ್ಲಿ ಕೀಲಿಗೆ ಸಿಕ್ಕಿಸುವುದು.

ಇದಕ್ಕೆ ಬಲವಾದ ಕಾರಣವಿತ್ತು. ಇಡೀ ಉಕ್ಕಿನ ಆಕ್ಸಲ್‌ನಲ್ಲಿ ಎಡಚಕ್ರ ಕಲ್ಲು ಹತ್ತಿದರೆ ಬಲಚಕ್ರವೂ ವಾಲುತ್ತದೆ. ವೇಗವಾಗಿ ಸುತ್ತುವ ಚಕ್ರವನ್ನು ವಾಲಿಸಿದರೆ ಅದು ಬುಗುರಿಯ ಹಾಗೆ ಬೇರೊಂದು ದಿಕ್ಕಿಗೆ ತಿರುಗಲು ನೋಡುತ್ತದೆ. ಆ ಎಳೆತ, ಚಕ್ರ ಎಡಬಲಕ್ಕೆ ಹೊರಳುವ ಗೂಟವಾದ ಕಿಂಗ್‌ಪಿನ್ ದಾಟಿ ಸ್ಟೀರಿಂಗ್‌ವರೆಗೆ ಬಂದು, ಚಾಲಕನ ಕೈ ನಡುಗುತ್ತದೆ. ಆಕ್ಸಲ್ ಎರಡಾದರೆ ಒಂದು ಚಕ್ರದ ಏಟು ಇನ್ನೊಂದಕ್ಕೆ ಮುಟ್ಟದು.

ನಿಜವಾದ ಕೆಲಸ ಶುರುವಾಗುವುದು ಗರಗಸ ಕೆಳಗಿಟ್ಟ ಮೇಲೆ. ಎರಡು ಚಕ್ರಗಳನ್ನು ಜೋಡಿಸುವ ಟ್ರ್ಯಾಕ್ ರಾಡ್ ಮೊದಲಿನಂತೆ ಒಂದೇ ತುಂಡಾಗಿ ಉಳಿದರೆ, ಚಕ್ರ ಏರಿಳಿದಾಗಲೆಲ್ಲ ಕಾರು ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ರಾಡನ್ನೂ ಬಿಡಿಸಿ, ಅದರ ಒಳಗಿನ ಕೀಲುಗಳನ್ನು ಆಕ್ಸಲಿನ ಕೀಲಿನ ಹತ್ತಿರಕ್ಕೆ ತರಬೇಕು. ಆಕ್ಸಲನ್ನು ಹಿಂದಕ್ಕೆ ಹಿಡಿದಿಡುವ ಕವಲು ಸರಳೂ ಎರಡಾಗಬೇಕು. ಹೀಗೆ ಮಾರ್ಪಡಿಸಿ ಕಟ್ಟಿದ ಹಳೆಯ 'ಸ್ಪೆಷಲ್' ಕಾರನ್ನು ನೋಡಲು ಹೋದವರು ಬಣ್ಣ, ಬಾನೆಟ್ ಬಿಟ್ಟು ಮೊದಲು ಇಲ್ಲಿಗೆ ಬಗ್ಗಿ ನೋಡಬೇಕು; ಕಟ್ಟಿದವನ ಬುದ್ಧಿ ತಿಳಿಯುವುದು ಈ ಕೀಲುಗಳಲ್ಲೇ.

ಕಾರು ತಯಾರಕ ಸಿಡ್ನಿ ಅಲಾರ್ಡ್ ಈ ಉಪಾಯವನ್ನು ದೊಡ್ಡ ವಿ8 ಕಾರುಗಳಿಗೆ ಒಯ್ದರು. 1950ರ ಲ ಮಾನ್ಸ್ ಓಟದಲ್ಲಿ ಅವರೂ ಟಾಮ್ ಕೋಲ್ ಅವರೂ ಕ್ಯಾಡಿಲಾಕ್ ಎಂಜಿನ್ನಿನ ಜೆ2 ಓಡಿಸಿ ಮೂರನೆಯವರಾದರು, ಅದೂ ಕೆಳಗಿನ ಗೇರುಗಳು ಕೈಕೊಟ್ಟ ಕಾರಿನಲ್ಲಿ. 1952ರಲ್ಲಿ ತಮ್ಮದೇ ಪಿ1 ಕಾರಿನಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಕಾಲಿನ್ ಚಾಪ್‌ಮನ್‌ರ ಲೋಟಸ್ ಮಾರ್ಕ್ 6ರ ಮುಂಭಾಗದಲ್ಲೂ ಕತ್ತರಿಸಿದ ಫೋರ್ಡ್ ಆಕ್ಸಲ್ಲೇ ಇತ್ತು.

ದೋಷವಿಲ್ಲದ ಏರ್ಪಾಡಲ್ಲ ಇದು. ತುಂಡು ಆಕ್ಸಲ್ ಗಿಡ್ಡ. ಚಕ್ರ ಮೇಲೆದ್ದಂತೆ ವಿಪರೀತ ವಾಲುತ್ತದೆ, ತಿರುವಿನಲ್ಲಿ ಹಿಡಿತ ಸಡಿಲವಾಗುತ್ತದೆ. ಆದರೂ ಮೂಲರೂಪದ ಹೆಸರಿನಲ್ಲಿ ಇಂಥ ಆಕ್ಸಲ್ ಕಿತ್ತೆಸೆದು ಕಾರ್ಖಾನೆಯ ಇಡೀ ಆಕ್ಸಲ್ ಕೂರಿಸುವುದು ತಪ್ಪು. ಆ ಕಾಲದವರೇ ಮಾಡಿದ ಬದಲಾವಣೆ ಆ ಕಾರಿನ ಚರಿತ್ರೆ.

ಗಿಡ್ಡತನಕ್ಕೆ ಮದ್ದು ಸಿಕ್ಕಿದ್ದು ಅಮೆರಿಕದಲ್ಲಿ. 1965ರ ಫೋರ್ಡ್ ಪಿಕಪ್ ಟ್ರಕ್ಕುಗಳ 'ಟ್ವಿನ್ ಐ-ಬೀಮ್'ನಲ್ಲಿ ಎರಡು ಉದ್ದನೆಯ ತೊಲೆಗಳು ಒಂದನ್ನೊಂದು ದಾಟಿ ಹಾಯುತ್ತವೆ. ಎಡಚಕ್ರದ ತೊಲೆಗೆ ಕೀಲು ಬಲಗಡೆ, ಬಲಚಕ್ರದ್ದಕ್ಕೆ ಎಡಗಡೆ.