ನಾನ್ನಜದ ಹುಲ್ಲುಗಾವಲಿಗೆ ಹೋಗುವುದು ಏನು ನೋಡಲು?

ಸೊಲ್ಲಾಪುರದಿಂದ ಬಾರ್ಶಿ ರಸ್ತೆ ಹಿಡಿದರೆ ಸುಮಾರು 20 ಕಿ.ಮೀ. ದೂರದಲ್ಲಿ ನಾನ್ನಜ. ಮರಾಠಿಗರ ಮಾಳಢೋಕ, ಕನ್ನಡಿಗರ ಎರೆಭೂತ ಹಕ್ಕಿಗಾಗಿ 1979ರಲ್ಲಿ ಘೋಷಣೆಯಾದ ಅಭಯಾರಣ್ಯದ ಹೃದಯಭಾಗವಿದು. ಕಾಡು ಕಾಣುವ ಆಸೆಯಲ್ಲಿ ಬಂದವರಿಗೆ ಸಿಗುವುದು ಹುಲ್ಲು, ಅಲ್ಲಲ್ಲಿ ಜಾಲಿ, ಆಚೆ ಜೋಳದ ಹೊಲ. ಊರಿಗೆ ಮರಳಿದಾಗ ಎದುರಾಗುವ ಪ್ರಶ್ನೆಯೂ ಒಂದೇ: "ಹಕ್ಕಿ ಕಂಡಿತೇನ್ರೀ?" ಅಕ್ಕಲಕೋಟೆಗೆ ಹೋಗಿಯೂ ಸ್ವಾಮಿ ಸಮರ್ಥರ ದರ್ಶನವಾಗದವರಂತೆ ಹೆಚ್ಚಿನವರು ಮುಖ ಸಪ್ಪೆ ಮಾಡುತ್ತಾರೆ.

ಈ ಭೇಟಿಯ ದೋಷವಿರುವುದು ಆ ಪ್ರಶ್ನೆಯಲ್ಲೇ.

ಮೆಕ್ಸಿಕೊದ ಬೆಟ್ಟಗಾಡಿನಲ್ಲಾದರೆ ಅಂಥ ಪ್ರಶ್ನೆ ಸರಿಯೇ. ಅಲ್ಲಿನ ಎಲ್ ರೊಸಾರಿಯೊದ ಮರಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ವಲಸೆ ಬಂದ ಮೊನಾರ್ಕ್ ಚಿಟ್ಟೆಗಳು ಗೊಂಚಲುಗಟ್ಟಿ ಜೋತಿರುತ್ತವೆ. ನೋಡಲು ಬಂದವರ ದುಡ್ಡಿನಲ್ಲಿ ಕಾಡಿನ ಒಡೆತನವಿರುವ ಹಳ್ಳಿಗರಿಗೂ ಪಾಲಿದೆ. ನಾನ್ನಜದಲ್ಲಿ ಒಂದೇ ಒಂದು ಎರೆಭೂತ ಕಂಡರೂ ಸುದ್ದಿಯಾಗುತ್ತದೆ. ಮೇಲಾಗಿ, 8,496 ಚದರ ಕಿ.ಮೀ. ಅಭಯಾರಣ್ಯಕ್ಕೆ ಗೆರೆ ಎಳೆದಾಗ ರೈತರ ಹೊಲಗಳೂ ಅದರೊಳಗೆ ಸೇರಿಹೋದವು. ಜಮೀನಿನ ಮಾರಾಟ, ಅಭಿವೃದ್ಧಿ ಕೆಲಸಗಳಿಗೆ ತೊಡಕಾಗಿ ಅಸಮಾಧಾನ ಬೆಳೆಯಿತು. ಮುಂದೆ ವಿಸ್ತೀರ್ಣ 1,222 ಚದರ ಕಿ.ಮೀ.ಗೆ ಇಳಿಯಿತು.

ಹಕ್ಕಿ ಕಾಣಲೇಬೇಕೆಂಬ ಹಟ ಅದಕ್ಕೇ ಮುಳುವು. ಮಳೆಗಾಲದಲ್ಲಿ ಗಂಡು ಕತ್ತಿನ ಬಿಳಿ ಚೀಲವನ್ನು ನೆಲ ಮುಟ್ಟುವಷ್ಟು ಉಬ್ಬಿಸಿ, ಬಾಲವೆತ್ತಿ, ಗುಂಯ್ಗುಡುತ್ತ ಹೆಣ್ಣನ್ನು ಕರೆಯುತ್ತದೆ. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಕ್ಕಿಗೆ ಇದಕ್ಕಿಂತ ನಾಜೂಕಿನ ಹೊತ್ತೂ ಇಲ್ಲ. ಹೆಣ್ಣು ಗೂಡು ಕಟ್ಟದೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಜನ ಹತ್ತಿರ ಹೋಗಿ ಹೆಣ್ಣನ್ನು ಎಬ್ಬಿಸಿದರೆ ಮೊಟ್ಟೆ ಕಾಗೆ, ನಾಯಿಗಳ ಪಾಲು.

ಹಾಗಂತ ನಾನ್ನಜ ನೋಡಲು ಯೋಗ್ಯವಲ್ಲವೆಂದಲ್ಲ. ಹೊಲದ ಬದುವಿನಾಚೆ ಚಂಗನೆ ಹಾರುವ ಕೃಷ್ಣಮೃಗ, ಕುರಿಮಂದೆಯ ಜಾಡು ಹಿಡಿದು ಬರುವ ತೋಳ, ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬಂದು ಸಂಜೆ ಹುಲ್ಲಿನೊಳಗೇ ತಂಗುವ ಹ್ಯಾರಿಯರ್ ಗಿಡುಗಗಳು: ಇವೆಲ್ಲ ಬದುಕಿರುವುದು ಪಾಳು ನೆಲವೆಂದು ಜನ ಕಡೆಗಣಿಸುವ ಆ ಹುಲ್ಲಿನಿಂದ. ಅಲ್ಲಿ ಸಾಲುಸಾಲಾಗಿ ಸಸಿ ನೆಟ್ಟು "ಹಸಿರು" ಮಾಡಿದರೂ ಎರೆಭೂತಕ್ಕೆ ಜಾಗ ತಪ್ಪುತ್ತದೆ; ಅದಕ್ಕೆ ಬೇಕಾದದ್ದು ದೂರದವರೆಗೆ ಕಣ್ಣು ಹಾಯುವ ಬಯಲು.

ಈ ಭೇಟಿ ಸುಧಾರಿಸಬೇಕಾದರೆ ಮರಿ ಮಾಡುವ ತಿಂಗಳುಗಳಲ್ಲಿ ಹುಲ್ಲುಗಾವಲಿನೊಳಗೆ ಪ್ರವಾಸಿಗರನ್ನು ಬಿಡಬಾರದು. ಉಳಿದ ದಿನಗಳಲ್ಲಿ ಕುರಿ ಕಾಯುವವರೇ ಗೈಡ್ ಆಗಲಿ, ಪ್ರವೇಶದ ಹಣದಲ್ಲಿ ಸುತ್ತಲಿನ ಹಳ್ಳಿಗಳಿಗೆ ಪಾಲು ಸಿಗಲಿ.