ಚಿಟ್ಟೆಗೆ ಬಣ್ಣ ಬಂದ ಮೇಲೆ

ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ ಬಾಗ್‌ಸೈಡ್ ಎಂಬುದು ಕ್ಯಾಥೊಲಿಕರ ಕೇರಿ. ಅಲ್ಲಿನ ಗೋಡೆಯೊಂದರ ತುಂಬ ಶಾಲಾ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಾಳೆ. 1971ರಲ್ಲಿ ಗುಂಡೇಟಿಗೆ ಸತ್ತಾಗ ಅವಳಿಗೆ 14 ವರ್ಷ. ಬಾಗ್‌ಸೈಡ್ ಕಲಾವಿದರೆಂದು ಹೆಸರಾದ ಮೂವರು 1999ರಲ್ಲಿ ಈ ಚಿತ್ರ ಬರೆದಾಗ ಪಕ್ಕದಲ್ಲೊಂದು ಇಡೀ ಬಂದೂಕಿತ್ತು, ಮೇಲೊಂದು ಚಿಟ್ಟೆಯ ಬರೀ ಗೆರೆಯಿತ್ತು. ಶಾಂತಿ ನಂಬುವಂತಾಗಲೆಂದು ಚಿಟ್ಟೆಯನ್ನು ಬಣ್ಣವಿಲ್ಲದೆ ಬಿಟ್ಟಿದ್ದರು. 2005ರಲ್ಲಿ ಐಆರ್‌ಎ ಶಸ್ತ್ರತ್ಯಾಗ ಮಾಡಿತು. ಮರುವರ್ಷ ಚಿಟ್ಟೆಗೆ ಬಣ್ಣ ಬಂತು, ಬಂದೂಕು ಎರಡು ತುಂಡಾಯಿತು.

ಈ ಗೋಡೆಯನ್ನು ನಾನು ಬಲ್ಲದ್ದು ಫೋಟೊಗಳಲ್ಲಿ ಮಾತ್ರ. ಬಣ್ಣವಿಲ್ಲದ ಚಿಟ್ಟೆಯೇ ಹೆಚ್ಚು ನಿಜ, ತಿದ್ದಿದ ಚಿತ್ರ ಬರೀ ಸರ್ಕಾರಿ ಸಮಾಧಾನ ಎಂದು ಪಿಎಚ್.ಡಿ. ಕರಡಿನಲ್ಲಿ ಬರೆದಿದ್ದೆ. ನಡೆದು ಹೋಗುವಷ್ಟೇ ದೂರದ ಫೌಂಟನ್ ಕೇರಿ ನನ್ನ ಪುರಾವೆಯಾಗಿತ್ತು. ಅಲ್ಲಿನ ಪ್ರಾಟೆಸ್ಟಂಟರ ಗೋಡೆ, 1689ರ ಮುತ್ತಿಗೆಯನ್ನು ನೆನೆಯುತ್ತ, ತಾವಿನ್ನೂ ಮುತ್ತಿಗೆಯಲ್ಲಿದ್ದೇವೆ, ಶರಣಾಗುವುದಿಲ್ಲ ಎನ್ನುತ್ತದೆ. ಅಲ್ಲಿ ಮುಗಿಯದ್ದು ಇಲ್ಲಿ ಹೇಗೆ ಮುಗಿದೀತು ಎಂದು ಕೇಳಿದ್ದೆ.

ಈಗ ಆ ವಾದ ನನಗೇ ಒಪ್ಪಿಗೆಯಿಲ್ಲ. ಅಪೂರ್ಣತೆಯ ಸೊಗಸು ಬೇಕಾಗಿದ್ದುದು ದೂರದಲ್ಲಿ ಕೂತ ನನಗೆ. ಆ ಗೋಡೆಯ ಮುಂದೆ ದಿನಾ ಓಡಾಡುವವರಿಗೆ ಬಂದೂಕು ಮುರಿಯುವುದು ಮುಖ್ಯವಾಗಿತ್ತು. ಅಲ್ಲದೆ ಕಲಾವಿದರು ಎಲ್ಲವನ್ನೂ ತಿದ್ದಿಲ್ಲ. ಹುಡುಗಿಯ ಹಿಂದೆ ಬಾಂಬಿಗೆ ಕುಸಿದ ಕಟ್ಟಡದ ತೊಲೆಗಳು ಹಾಗೇ ಇವೆ. ಯುದ್ಧ ನಿಂತಿತು ಎನ್ನುತ್ತದೆ ಚಿತ್ರ, ನಷ್ಟ ತುಂಬಿತು ಎನ್ನುವುದಿಲ್ಲ. ಆ ವ್ಯತ್ಯಾಸ ನನಗೆ ಕಂಡಿರಲಿಲ್ಲ. ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ.