ಮತ್ತೆ ಬಿಚ್ಚಬಹುದಾದ ದುರಸ್ತಿ

ಕಾರಿನ ರಿಮೋಟ್ ಕೀ ಒಡೆದಾಗ ಮನೆಯಲ್ಲೇ ಮಾಡಿಕೊಳ್ಳುವ ರಿಪೇರಿಗಳ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಹೊಸ ಕೀಗೆ ಸಾವಿರಾರು ರೂಪಾಯಿ ತೆರಬೇಕಾದ ಕಡೆ ಒಂದು ಹನಿ ಫೆವಿಕ್ವಿಕ್‌ನಲ್ಲಿ ಕೆಲಸ ಮುಗಿಯಿತಲ್ಲ ಎಂಬ ಮೆಚ್ಚುಗೆ ಒಂದು. ಅಷ್ಟು ದುಡ್ಡಿನ ಕಾರಿಗೆ ಟೇಪು ಸುತ್ತಿದ ಕೀಯೇ ಎಂಬ ಮೂಗುಮುರಿತ ಇನ್ನೊಂದು. ಒಂದು ಖರ್ಚನ್ನು ನೋಡುತ್ತದೆ, ಇನ್ನೊಂದು ಅಂದವನ್ನು. ಕೆಟ್ಟ ಭಾಗ ಯಾವುದೆಂದು ತಿಳಿದು ಕೈಹಾಕಿದ್ದಾರೆಯೇ, ನಾಳೆ ಇನ್ನೊಬ್ಬರು ಅದನ್ನು ಬಿಚ್ಚಿ ಸರಿಯಾಗಿ ಮುಂದುವರಿಸಲು ಬರುತ್ತದೆಯೇ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ನಿರ್ಣಾಯಕ. ಹಾಗೆ ಅಳೆದರೆ, ಎಲ್ಲರೂ ಹೇಳಿಕೊಡುವ ಉಪಾಯಗಳಲ್ಲಿ ಕೆಲವು ತೀರಾ ಕಳಪೆಯಾಗಿ ಕಾಣುತ್ತವೆ. ನೋಡಲು ಹೀನಾಯವಾದ ಕೆಲವು ಮರ್ಯಾದೆಗೆ ಅರ್ಹವಾಗುತ್ತವೆ.

ಮೊದಲು ಕೈಯಲ್ಲಿರುವುದೇನೆಂದು ನೋಡಬೇಕು. ಸಾಮಾನ್ಯ ಕಾರುಗಳ ಮಡಚುವ ಕೀಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಾಧನಗಳು ಒಂದೇ ಗೂಡಿನಲ್ಲಿ ಕೂತಿವೆ. ಬೀಗ ತಿರುಗಿಸುವ ಲೋಹದ ಅಲಗು ಒಂದು. ದೂರದಿಂದ ಬಾಗಿಲು ತೆರೆಯುವ ರೇಡಿಯೋ ಸರ್ಕ್ಯೂಟು ಇನ್ನೊಂದು. ಭಾರತದಲ್ಲೂ ಯೂರೋಪಿನಲ್ಲೂ ಅದು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಮೂರನೆಯದು ಇಮ್ಮೊಬಿಲೈಸರ್ ಚಿಪ್. ಅದಕ್ಕೆ ಬ್ಯಾಟರಿ ಬೇಡ. ಇಗ್ನಿಶನ್ ಸುತ್ತಲಿನ ಸುರುಳಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಉತ್ತರಿಸುತ್ತದೆ. ಬ್ಯಾಟರಿ ಸತ್ತರೂ ಕಾರು ಸ್ಟಾರ್ಟ್ ಆಗುವುದು ಇದರಿಂದ. ಎಷ್ಟೋ ಕೀಗಳಲ್ಲಿ ಈ ಚಿಪ್ಪು ಸರ್ಕ್ಯೂಟಿಗೆ ಅಂಟಿರದೆ, ಗೂಡಿನ ಒಂದು ಮೂಲೆಯಲ್ಲಿ ಕಡಲೆಕಾಳಿಗಿಂತ ದೊಡ್ಡದಲ್ಲದ ಕರಿ ತುಂಡಾಗಿ ಬೇರೆಯೇ ಕೂತಿರುತ್ತದೆ. ಮಾರುಕಟ್ಟೆಯಿಂದ ಹೊಸ ಗೂಡು ತಂದು ಸರ್ಕ್ಯೂಟನ್ನೂ ಅಲಗನ್ನೂ ಜಾಗ್ರತೆಯಾಗಿ ಬದಲಿಸಿದವರು ಹಳೆಯ ಗೂಡಿನೊಂದಿಗೆ ಅದನ್ನೂ ಕಸದ ಬುಟ್ಟಿಗೆ ಹಾಕುವುದುಂಟು. ಆಮೇಲೆ ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಏಳುವುದಿಲ್ಲ.

ಈ ತಿಳಿವಿನ ಬೆಳಕಿನಲ್ಲಿ ಫೆವಿಕ್ವಿಕ್ ಜಾತಿಯ ಅಂಟನ್ನು ನೋಡಿ. ಗಟ್ಟಿ ಪ್ಲಾಸ್ಟಿಕ್ ಗೂಡಿನ ಬಿರುಕನ್ನು ಅದು ಕ್ಷಣದಲ್ಲಿ ಕೂಡಿಸುತ್ತದೆ ನಿಜ. ಆದರೆ ಒಣಗಿದ ಮೇಲೆ ಅದು ಪೆಡಸು. ಅಲಗಿನ ಬುಡದಂತೆ ದಿನವೂ ತಿರುಚುವ, ಬಾಗಿಸುವ ಜಾಗದಲ್ಲಿ ಬಾಳುವುದಿಲ್ಲ. ಅದಕ್ಕಿಂತ ದೊಡ್ಡ ದೋಷ ಅದರ ನೀರಿನಂಥ ಹರಿವು. ಬಿರುಕಿನಿಂದ ಒಳಗಿಳಿದು ಗುಂಡಿಯ ಕೆಳಗಿನ ಪುಟ್ಟ ಸ್ವಿಚ್ಚಿನೊಳಕ್ಕೆ ಸೇರಿತೆಂದರೆ ಸ್ವಿಚ್ಚು ಶಾಶ್ವತವಾಗಿ ಮೌನ. ಗೂಡಿನ ಎರಡು ಹೋಳುಗಳ ಅಂಚಿಗೇ ಸುರಿದರಂತೂ ಮುಂದಿನ ಸಲ ಬ್ಯಾಟರಿ ಬದಲಿಸಲು ಗೂಡನ್ನೇ ಒಡೆಯಬೇಕು. ಗೂಡು ಕಳಚಿಕೊಳ್ಳುತ್ತಿದೆ ಎಂಬ ಸಣ್ಣ ತೊಂದರೆಗೆ, ಇನ್ನು ತೆರೆಯಲಾಗದು ಎಂಬ ದೊಡ್ಡ ತೊಂದರೆಯನ್ನು ಪರಿಹಾರವೆಂದು ಕೊಟ್ಟಂತಾಯಿತು. ಎಂ-ಸೀಲ್ ಮೆತ್ತುವವರದೂ ಬಹುಪಾಲು ಇದೇ ಕತೆ, ಅಲಗಿನ ಬುಡವೊಂದನ್ನು ಬಿಟ್ಟು. ಮಡಚುವ ಸ್ಪ್ರಿಂಗು ಮುರಿದು ಅಲಗು ಲಡಲಡ ಎನ್ನುತ್ತಿದ್ದರೆ, ಬೋರ್ಡು ಮತ್ತು ಬ್ಯಾಟರಿಯ ಕಡೆ ಒಂದಿಷ್ಟೂ ಹೋಗದಂತೆ ಬುಡಕ್ಕಷ್ಟೇ ಎಪಾಕ್ಸಿ ತುಂಬಿ ಅಲಗನ್ನು ನೇರವಾಗಿ ನಿಲ್ಲಿಸುವುದು ತಕ್ಕ ಉಪಾಯ. ಮಡಚುವ ಸೌಲಭ್ಯ ಹೋಯಿತು, ಉಳಿದದ್ದೆಲ್ಲ ಮುಂದಿನ ಕೈಗೆ ತೆರೆದೇ ಇದೆ.

ಹರಿದ ಗುಂಡಿಗಳ ವಿಷಯದಲ್ಲಿ ವಸ್ತುವಿನ ಜ್ಞಾನ ಇನ್ನೂ ಮುಖ್ಯವಾಗುತ್ತದೆ. ಈ ಗುಂಡಿಗಳು ಬಹುತೇಕ ಸಿಲಿಕೋನ್ ರಬ್ಬರಿನವು, ಮತ್ತು ಮನೆಯಲ್ಲಿರುವ ಯಾವ ಅಂಟೂ ಅದಕ್ಕೆ ಹಿಡಿಯುವುದಿಲ್ಲ; ಸಿಲಿಕೋನ್‌ಗೆ ಸಿಲಿಕೋನೇ ಆಗಬೇಕು. ಹಾಗೆಂದು ಬಚ್ಚಲಿನ ಸಂದಿಗೆ ಹಚ್ಚುವ ಸೀಲೆಂಟ್ ತಂದು ಮೆತ್ತಿದರೆ, ಒಣಗುವಾಗ ವಿನಿಗರ್ ವಾಸನೆ ಬರುವ ಬಗೆಯದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ಅದು ಬೋರ್ಡಿನ ತಾಮ್ರವನ್ನು ತಿನ್ನುತ್ತದೆ. ಕೆಲವು ತಿಂಗಳ ಬಳಿಕ ಕೀ ಸತ್ತಾಗ ಯಾರೂ ಸೀಲೆಂಟನ್ನು ಅನುಮಾನಿಸುವುದಿಲ್ಲ, ಕೀ ಹಳೆಯದಾಯಿತು ಎನ್ನುತ್ತಾರೆ. ಇದಕ್ಕೆ ಹೋಲಿಸಿದರೆ, ಹರಿದ ತೂತಿನ ಒಳಬದಿಗೆ ಹಾಟ್ ಗ್ಲೂವಿನ ಒಂದು ಸಣ್ಣ ಗುಬಟನ್ನು ಸ್ವಿಚ್ಚಿನ ತಲೆಯ ಮೇಲೆ ಕೂರಿಸುವುದು ಒರಟಾಗಿ ಕಂಡರೂ ಒಳ್ಳೆಯ ರಿಪೇರಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದರೆ ಅದು ಕುರುಹಿಲ್ಲದೆ ಏಳುತ್ತದೆ. ಮುಂದೆ ಯಾರಾದರೂ ಸ್ವಿಚ್ಚನ್ನೇ ಬದಲಿಸಲು ಕೂತರೆ ಅವರಿಗೆ ಅಡ್ಡಿಯಾಗುವುದಿಲ್ಲ.

ಸಿಗರೇಟ್ ಪ್ಯಾಕಿನ ಅಥವಾ ಚಾಕೊಲೇಟಿನ ಬೇಗಡೆಯನ್ನು ಬ್ಯಾಟರಿಯ ಕೆಳಗೆ ತುರುಕುವ ಉಪಾಯ ಇವೆರಡರ ನಡುವೆ ನಿಲ್ಲುತ್ತದೆ. ಸಿಆರ್2032 ಸೆಲ್ಲಿನ ದಪ್ಪ 3.2 ಮಿಲಿಮೀಟರ್, ಸಿಆರ್2025ರದು 2.5, ಅಂಗಡಿಯಲ್ಲಿ ತೆಳುವಾದದ್ದೇ ಸಿಕ್ಕಿತೆಂದು ಹಾಕಿಕೊಂಡವರಿಗೆ ಮಡಿಸಿದ ಬೇಗಡೆ ಆ ಅಂತರವನ್ನು ತುಂಬಿಕೊಡುತ್ತದೆ. ಎರಡಕ್ಕೂ 3 ವೋಲ್ಟ್, ಹಾಗಾಗಿ ಸರ್ಕ್ಯೂಟಿಗೆ ತೊಂದರೆಯಿಲ್ಲ. ಆದರೆ ಈ ಸೆಲ್ಲುಗಳ ಮೇಲ್ಭಾಗವಷ್ಟೇ ಅಲ್ಲ, ಸುತ್ತಲಿನ ಅಂಚು ಕೂಡ ಧನಧ್ರುವ. ಕೆಳಗಿಟ್ಟ ಬೇಗಡೆ ಸ್ವಲ್ಪ ಅಗಲವಾಗಿ ಅಂಚಿಗೆ ತಾಗಿದರೆ ಶಾರ್ಟ್ ಆಗಿ ಸೆಲ್ಲು ಬರಿದಾಗುತ್ತದೆ. ಎಷ್ಟೋ ಸಲ ನಿಜವಾದ ಕಾಯಿಲೆ ಬಿದ್ದುಬಿದ್ದು ಸಡಿಲಾದ ಸಂಪರ್ಕಪಟ್ಟಿಯದು. ಅದನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಮೇಲೆ ಬಗ್ಗಿಸಿದರೆ ಬೇಗಡೆಯೇ ಬೇಡ. ಪಟ್ಟಿ ಬೋರ್ಡಿನಿಂದ ಕಿತ್ತುಬಂದಿದ್ದರೆ ಅದಕ್ಕೆ ಬೆಸುಗೆ ಬೇಕು, ಆ ಬೆಸುಗೆ ಬೋರ್ಡಿಗೆ. ನೇರವಾಗಿ ಸೆಲ್ಲಿಗೇ ತಂತಿ ಬೆಸೆಯುವ ಸಾಹಸವನ್ನು ಯಾರೂ ಮಾಡಬಾರದು. ಲಿಥಿಯಂ ಸೆಲ್ಲು ಬಿಸಿಗೆ ಸಿಡಿಯಬಲ್ಲದು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಇಷ್ಟೆಲ್ಲ ತಿಳಿದುಕೊಂಡು ಟೇಪು ಸುತ್ತುವವರು ಯಾರು, ಕೀ ಕೆಟ್ಟಿತೆಂದರೆ ಹೊಸದು ಕೊಳ್ಳುವುದೇ ಸುರಕ್ಷಿತವಲ್ಲವೇ? ಸ್ವಿಚ್ಚು ಕೆಲವೇ ರೂಪಾಯಿಗಳ ಬಿಡಿಭಾಗ. ಅದೊಂದು ಕೆಟ್ಟಿದ್ದಕ್ಕೆ ಇಡೀ ಕೀಯನ್ನೂ ಅದನ್ನು ಕಾರಿಗೆ ಪರಿಚಯಿಸುವ ಪ್ರೋಗ್ರಾಮಿಂಗನ್ನೂ ಕೊಳ್ಳಬೇಕಾಗುವುದು ಬಳಕೆದಾರರ ಅಜ್ಞಾನದ ಫಲವಲ್ಲ, ಬಿಡಿಭಾಗ ಮಾರದ ವ್ಯವಸ್ಥೆಯ ಫಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ತೆರೆದ ದುರಸ್ತಿ ಹಕ್ಕಿನ ಪೋರ್ಟಲ್‌ನಲ್ಲಿ ವಾಹನಗಳನ್ನೂ ಸೇರಿಸಿರುವುದರ ಹಿಂದೆ ಇಂಥದೇ ಕೊರತೆಯ ಅರಿವಿದೆ. ಬೆಸುಗೆ ಬಾರದವರು ಮೊಬೈಲ್ ರಿಪೇರಿ ಅಂಗಡಿಗೆ ಹೋಗಬಹುದು. ಈ ಸ್ವಿಚ್ಚು ಬದಲಿಸುವುದು ಅಲ್ಲಿಯವರಿಗೆ ದೊಡ್ಡ ಕೆಲಸವಲ್ಲ. ಆದರೆ ಅವರು ಕೈಯಾಡಿಸಬೇಕಾದರೆ ಮನೆಯ ರಿಪೇರಿ ಅವರಿಗೊಂದು ದಾರಿ ಉಳಿಸಿರಬೇಕು.

ಇನ್ನೊಂದು ಆಕ್ಷೇಪ ನನ್ನ ಅಳತೆಗೋಲನ್ನೇ ತಿದ್ದುವಂಥದು. ಬ್ಯಾಟರಿಯ ಮುಚ್ಚಳ ಕಳೆದುಹೋದ ಕೀಗೆ ಟೇಪು ಸುತ್ತುವುದು ಸುಲಭವಾಗಿ ಬಿಚ್ಚಬಹುದಾದ ರಿಪೇರಿಯೇ. ಆದರೆ ಮಗುವೂ ಅದನ್ನು ಅಷ್ಟೇ ಸುಲಭವಾಗಿ ಬಿಚ್ಚುತ್ತದೆ. ಇಪ್ಪತ್ತು ಮಿಲಿಮೀಟರ್ ಅಗಲದ ಈ ಸೆಲ್ಲು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಂಗಾಂಶವನ್ನು ಸುಡಲು ಶುರುಮಾಡುತ್ತದೆ. ಆಸ್ಟ್ರೇಲಿಯಾ ಬಟನ್ ಬ್ಯಾಟರಿಗಳಿಗೆ 2022ರಿಂದ ಕಡ್ಡಾಯ ಸುರಕ್ಷಾ ನಿಯಮ ತಂದಿರುವುದು ಇಂಥ ಸಾವುಗಳ ನಂತರವೇ. ಹಾಗಾಗಿ ಬಿಚ್ಚಲು ಬರಬೇಕು ಎಂದರೆ ಸಾಧನ ಹಿಡಿದ ದೊಡ್ಡವರ ಕೈಗೆ ಬರಬೇಕು ಎಂದು ಓದಿಕೊಳ್ಳಬೇಕು. ಸ್ಕ್ರೂ ಇರುವ ಹೊಸ ಗೂಡು ಇಲ್ಲಿ ಟೇಪಿಗಿಂತ ಎಷ್ಟೋ ಮೇಲು; ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇರೆ ಆಯ್ಕೆಯನ್ನು ನಾನು ಒಪ್ಪಲಾರೆ.

ಒಂದು ಉಪಾಯವನ್ನಂತೂ ಯಾವ ಅಳತೆಯಲ್ಲೂ ಸಮರ್ಥಿಸಲಾಗದು: ಮುರಿದ ಕೀಯ ಚಿಪ್ಪನ್ನು ಬಿಚ್ಚಿ ಇಗ್ನಿಶನ್ ಸುರುಳಿಯ ಪಕ್ಕದಲ್ಲೇ ಅಂಟಿಸಿ, ಬರಿಯ ಅಲಗಿನ ನಕಲಿನಿಂದ ಕಾರು ಓಡಿಸುವುದು. ಅದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ, ಬೇಕೆಂದಾಗ ತೆಗೆಯಲೂ ಬರುತ್ತದೆ. ಆದರೆ ಕಳ್ಳತನ ತಡೆಯಲೆಂದೇ ಯೂರೋಪು 1998ರಲ್ಲಿ ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡಿದ ರಕ್ಷಣೆ ಅದರೊಂದಿಗೆ ಹೋಗುತ್ತದೆ. ಅಲಗು ಕತ್ತರಿಸಬಲ್ಲ ಯಾರಿಗಾದರೂ ಕಾರು ತೆರೆದುಕೊಳ್ಳುತ್ತದೆ. ಇಂಥ ಸ್ಥಿತಿಗೆ ಬರುವವರು ಸಾಮಾನ್ಯವಾಗಿ ಎರಡನೆಯ ಕೀಯನ್ನು ಮೊದಲೇ ಕಳೆದುಕೊಂಡಿರುತ್ತಾರೆ. ಎಷ್ಟೋ ಕಾರುಗಳಲ್ಲಿ ಕೆಲಸ ಮಾಡುವ ಒಂದು ಕೀ ಕೈಯಲ್ಲಿದ್ದರೆ ಹೊಸದನ್ನು ಸೇರಿಸುವುದು ಸುಲಭ, ಒಂದೂ ಇಲ್ಲದಿದ್ದರೆ ಕೆಲಸವೂ ಖರ್ಚೂ ಹೆಚ್ಚು. ಆದ್ದರಿಂದ ಅಂಟು, ಬೇಗಡೆ, ಹಾಟ್ ಗ್ಲೂ ಯಾವುದೇ ಇರಲಿ, ಅದನ್ನು ಪ್ರಯತ್ನಿಸುವ ಮೊದಲು ಡ್ರಾಯರಿನಲ್ಲಿರುವ ಎರಡನೆಯ ಕೀ ಎಂಜಿನನ್ನು ಎಬ್ಬಿಸುತ್ತದೆಯೇ ಎಂದು ನೋಡಿಕೊಳ್ಳಬೇಕು.